ಮತಗಟ್ಟೆಗೆ ಹೋಗುವ ಚೀಲ

ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳಿಗೆ ಚುನಾವಣಾ ಆಯೋಗ ಕೊಡುವ ಕೈಪಿಡಿಯಲ್ಲಿ ಶಾಯಿಯ ಬಗ್ಗೆ ಒಂದು ಸಣ್ಣ ಸೂಚನೆಯಿದೆ. ಬಾಟಲಿಯನ್ನು ಮೇಜಿನ ಮೇಲೆ ಹಾಗೆಯೇ ಇಡಬಾರದು. ಒಂದು ಕಪ್ಪಿಗೋ ಖಾಲಿ ಡಬ್ಬಿಗೋ ಮರಳು ಇಲ್ಲವೇ ಸಡಿಲ ಮಣ್ಣು ಹಾಕಿ ಅದರೊಳಗೆ ಊರಿ ನಿಲ್ಲಿಸಬೇಕು. ಸರತಿಯಲ್ಲಿ ಬಂದವರ ಕೈ ತಾಗಿ ಬಾಟಲಿ ಉರುಳಿದರೆ ಆ ಮತಗಟ್ಟೆಯ ಅರ್ಧ ದಿನದ ಶಾಯಿ ನೆಲದ ಪಾಲು. ದೇಶದ ಸರ್ಕಾರವನ್ನು ಆರಿಸುವ ಕೆಲಸ ಒಂದು ಡಬ್ಬಿ ಮರಳಿನ ತನಕ ಇಳಿದು ಬಂದಿರುವುದು ನನಗೆ ಬಹಳ ಗೌರವದ ವಿಷಯವಾಗಿ ಕಾಣುತ್ತದೆ. ಬಾಟಲಿ ಉರುಳುವುದನ್ನು ಯಾರೋ ಕಣ್ಣಾರೆ ಕಂಡಿದ್ದಾರೆ, ಅದನ್ನು ಬರೆದಿಟ್ಟಿದ್ದಾರೆ, ಅಂಥ ಸಾವಿರ ಸಂಗತಿಗಳು ಸೇರಿ ಕೈಪಿಡಿ ದಪ್ಪವಾಗಿದೆ.

ಆ ಕೈಪಿಡಿ ನಮ್ಮ ಕಡೆಗೂ ಬರುತ್ತದೆ. ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದಕ್ಕೆ ಹೆಸರಾದ ಮಂಡಗದ್ದೆ, ಚುನಾವಣೆಯ ಲೆಕ್ಕದಲ್ಲಿ ತೀರ್ಥಹಳ್ಳಿ ವಿಧಾನಸಭಾ ಕ್ಷೇತ್ರದ ಒಂದು ಹೋಬಳಿ. ಊರು ಶಿವಮೊಗ್ಗ–ತೀರ್ಥಹಳ್ಳಿ ಹೆದ್ದಾರಿಯ ಮೇಲೆಯೇ ಇದೆ. ಹೋಬಳಿಯ ಮನೆಗಳು ಮಾತ್ರ ಹಾಗಿಲ್ಲ. ಇಲ್ಲೊಂದು, ಅಲ್ಲೊಂದು, ತೋಟದ ಆಚೆ ಒಂದು, ಹಳ್ಳ ದಾಟಿದರೆ ಮತ್ತೊಂದು. 2023ರ ಮೇ 10ರಂದು ವಿಧಾನಸಭೆಗೆ, 2024ರ ಮೇ 7ರಂದು ಲೋಕಸಭೆಗೆ ಇಲ್ಲಿ ಮತದಾನವಾಯಿತು. ಮೇ ತಿಂಗಳೆಂದರೆ ಬೆಳಗ್ಗೆ ಸುಡುವ ಬಿಸಿಲು, ಸಂಜೆ ಗುಡುಗು, ಮಳೆಯ ಮೊದಲ ಹನಿಗೇ ಹೋಗುವ ಕರೆಂಟು.

ಮತದಾನದ ಹಿಂದಿನ ದಿನ ತಾಲೂಕು ಕೇಂದ್ರದಲ್ಲಿ ಮಸ್ಟರಿಂಗ್. ಶಾಮಿಯಾನದ ಕೆಳಗೆ ಮೇಷ್ಟ್ರುಗಳು, ಗುಮಾಸ್ತರು, ಇಲಾಖೆ ಇಲಾಖೆಗಳ ನೌಕರರು ತಮ್ಮ ತಮ್ಮ ಮತಗಟ್ಟೆಯ ಚೀಲ ಬಿಚ್ಚಿ, ಪಟ್ಟಿ ಹಿಡಿದು ಒಂದೊಂದನ್ನೇ ಎಣಿಸುತ್ತಾರೆ. ಹಸಿರು ಪೇಪರ್ ಸೀಲ್, ಟ್ಯಾಗುಗಳು, ಅರಗು, ಮೇಣದ ಬತ್ತಿ, ಬೆಂಕಿಪೊಟ್ಟಣ, ಲೋಹದ ಮುದ್ರೆ, ದಾರ, ಬ್ಲೇಡು, ಗುಂಡುಪಿನ್ನು, ಕಾರ್ಬನ್ ಹಾಳೆ, ಸ್ಟ್ಯಾಂಪ್ ಪ್ಯಾಡು, ಬಟ್ಟೆಯ ಚೂರು, ನಮೂನೆಗಳು, ಬಣ್ಣಬಣ್ಣದ ಲಕೋಟೆಗಳು. ಜೊತೆಗೆ ಇಪ್ಪತ್ತು ಟೆಂಡರ್ಡ್ ಮತಪತ್ರ: ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿ ಹೋಗಿದ್ದರೆ, ನೀವೇ ನಿಜವಾದ ಮತದಾರರು ಎಂದು ಖಾತ್ರಿಯಾದ ಮೇಲೆ ಕೊಡುವ ಕಾಗದದ ಮತಪತ್ರ ಅದು. ಒಂದು ಪಿನ್ನು ಕಡಿಮೆಯಾದರೂ ಕೌಂಟರಿಗೆ ಹೋಗಿ ಕೇಳಿ ತರುವವರನ್ನು ಕಂಡು ಹೊಸಬರಿಗೆ ಇದು ಅತಿಯಾಯಿತು ಅನಿಸಬಹುದು. ಆದರೆ ಈ ಚೀಲದ ಪ್ರತಿಯೊಂದು ವಸ್ತುವಿನ ಹಿಂದೆಯೂ ಎಂದೋ ಎಲ್ಲೋ ನಡೆದ ಒಂದು ಮೋಸ, ಇಲ್ಲವೇ ಒಂದು ಅನುಮಾನ ಇದೆ. ಬಂದವರು ಒಮ್ಮೆ ಮಾತ್ರ ಬಂದರೇ? ಹಾಕಿದ ಓಟು ಗುಟ್ಟಾಗಿ ಉಳಿಯಿತೇ? ಹಾಕಿದ್ದೇ ಎಣಿಕೆಗೆ ಬಂತೇ? ಮಂಡಗದ್ದೆಯಿಂದ ಮನಿಲಾದವರೆಗೆ, ಕಠ್ಮಂಡುವಿನಿಂದ ಕ್ಯಾನ್‌ಬೆರಾದವರೆಗೆ ಚುನಾವಣೆ ನಡೆಸುವವರೆಲ್ಲ ಉತ್ತರ ಹುಡುಕುತ್ತಿರುವುದು ಈ ಮೂರೇ ಪ್ರಶ್ನೆಗಳಿಗೆ.

ಮೊದಲನೆಯದಕ್ಕೆ ಕರ್ನಾಟಕ ಕೊಟ್ಟ ಉತ್ತರ ಅರ್ಧ ಏಷ್ಯಾ ಸುತ್ತಿ ಬಂದಿದೆ. ಮೈಸೂರಿನ ಬನ್ನಿಮಂಟಪದಲ್ಲಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾಯಿತು. ಕಾಡಿನಿಂದ ಬರುವ ಅರಗಿಗೆ ಒಂದು ಉದ್ಯಮ ಬೇಕಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಸರ್ಕಾರದ ಕಂಪನಿಯಾಯಿತು. ದೇಶದ ಮೊದಲ ಮಹಾಚುನಾವಣೆಯಲ್ಲೂ ಬೆರಳಿಗೆ ಶಾಯಿ ಹಚ್ಚಿದ್ದರು. 1962ರ ಮೂರನೆಯ ಮಹಾಚುನಾವಣೆಯಿಂದ ಆ ಶಾಯಿ ಮೈಸೂರಿನದಾಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರ, ಮೈಸೂರಿನ ತಯಾರಿಕೆ. ಅಂದಿನಿಂದ ಲೋಕಸಭೆ, ವಿಧಾನಸಭೆಗಳ ಚುನಾವಣೆಗೆ ಇದೇ ಶಾಯಿ. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಬಾಟಲಿ ಇಲ್ಲಿಂದ ಹೋಯಿತು. 10 ಮಿಲಿಲೀಟರ್‌ನ ಒಂದು ಬಾಟಲಿ ಸುಮಾರು 700 ಜನರ ಬೆರಳಿಗೆ ಸಾಕು.

ಶಾಯಿಯ ಜೀವ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಹಚ್ಚಿದ ಕೂಡಲೇ ಅದು ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಷ್ಟೂ ಕಪ್ಪೇರುತ್ತದೆ, ನೀರಿಗೆ ಕರಗುವುದಿಲ್ಲ, ಸಾಬೂನಿಗೂ ಜಗ್ಗುವುದಿಲ್ಲ. ಚರ್ಮ ತಾನಾಗಿ ಸವೆದು ಹೊಸದು ಬರಬೇಕು, ಉಗುರು ಬೆಳೆದು ಮುಂದೆ ಹೋಗಬೇಕು. ಬೆಳಕಿಗೆ ಕಪ್ಪಾಗುವ ಗುಣದಿಂದಾಗಿಯೇ ಬಾಟಲಿ ಕಂದು ಬಣ್ಣದ್ದು. 2006ರಲ್ಲಿ ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯಬೇಕೆಂಬ ನಿಯಮ ಬಂತು. ಎಡಗೈ ತೋರುಬೆರಳೇ ಇಲ್ಲದಿದ್ದರೆ ಅದೇ ಕೈಯ ಬೇರೆ ಬೆರಳು. ಆ ಕೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈ ತೋರುಬೆರಳು. ಎರಡೂ ಕೈಯ ಬೆರಳುಗಳಿಲ್ಲದಿದ್ದರೆ ತೋಳಿನ ತುದಿ. ಬೆರಳಿಲ್ಲದವರ ಈ ಲೆಕ್ಕವೆಲ್ಲ 1961ರ ಚುನಾವಣಾ ನಿಯಮಗಳಲ್ಲೇ ಬಿಡಿಸಿ ಬರೆದಿದೆ. ಕೈಯಿಲ್ಲದವರನ್ನು ಓಟು ಹಾಕಲು ಬರುವವರೆಂದು ಆಗಲೇ ಲೆಕ್ಕಕ್ಕೆ ಹಿಡಿದಿದ್ದರು.

ಮಲೆನಾಡಿನಲ್ಲಿ ಈ ಶಾಯಿಗೆ ಒಂದು ಪರೀಕ್ಷೆ ಹೆಚ್ಚಿಗೆ ಇದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ಸರಿಯಾಗಿ ಅಡಿಕೆ ಕೊಯ್ಲಿನ ನಡುವೆ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಹೆಂಗಸರ ಬೆರಳು ನೋಡಿದವರಿಗೆ ಗೊತ್ತು: ತೋರುಬೆರಳು, ಹೆಬ್ಬೆರಳು, ಉಗುರಿನ ಸಂದು ಎಲ್ಲವೂ ಕರಿ. ಅಡಿಕೆಯ ಕಲೆಯೂ ವಾರಗಟ್ಟಲೆ ಹೋಗುವುದಿಲ್ಲ. ಆ ಕಪ್ಪಿನ ಮೇಲೆ ಈ ಕಪ್ಪು ಕಾಣಬೇಕು. ಶಾಯಿ ಹಚ್ಚುವ ಮೊದಲು ಬೆರಳನ್ನು ನೋಡಬೇಕು, ಎಣ್ಣೆಯ ಪಸೆಯಿದ್ದರೆ ಬಟ್ಟೆಯಿಂದ ಒರೆಸಬೇಕು ಎಂಬ ನಿಯಮವಿರುವುದು ಎಣ್ಣೆ ಸವರಿಕೊಂಡು ಬರುವವರನ್ನು ತಡೆಯಲಿಕ್ಕೆ. ಇಲ್ಲಿ ಅದೇ ಬಟ್ಟೆಯ ಚೂರು ದುಡಿದ ಕೈಗೂ ಬೇಕು. “ಅಮ್ಮಾ, ಎಡಗೈ ಕೊಡಿ, ಸ್ವಲ್ಪ ಬೆಳಕಿಗೆ ಹಿಡೀರಿ” ಎಂದು ಹೇಳಿ, ಬೆರಳು ಒರೆಸಿ, ಉಗುರಿನ ಮೇಲೆ ನಿಧಾನವಾಗಿ ಗೆರೆ ಎಳೆಯುವ ಸಿಬ್ಬಂದಿ ಸಿಕ್ಕರೆ ಶಾಯಿ ತನ್ನ ಕೆಲಸ ಮಾಡುತ್ತದೆ. ಅವಸರದಲ್ಲಿ ಚುಕ್ಕಿಯಿಟ್ಟು ಕಳಿಸಿದರೆ ಮಾಡುವುದಿಲ್ಲ.

ಮೈಸೂರಿನ ಶಾಯಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ನೇಪಾಳ, ಕಾಂಬೋಡಿಯ, ಮಲೇಷ್ಯಾ, ಮಾಲ್ಡೀವ್ಸ್ ಅವುಗಳಲ್ಲಿ ಕೆಲವು. ಮಲೇಷ್ಯಾದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2008ರ ಮಾರ್ಚ್ 8ರಂದು ಅಲ್ಲಿ ಚುನಾವಣೆ. ಮೊಟ್ಟಮೊದಲ ಬಾರಿಗೆ ಶಾಯಿ ಬಳಸುತ್ತೇವೆಂದು ಆಯೋಗ ಮಾತು ಕೊಟ್ಟಿತ್ತು, ಬಾಟಲಿಗಳೂ ಬಂದಿದ್ದವು. ಮತದಾನಕ್ಕೆ ನಾಲ್ಕೇ ದಿನ ಇರುವಾಗ ಕಾನೂನಿನ ತೊಡಕು, ಭದ್ರತೆಯ ಆತಂಕ ಎಂಬ ಕಾರಣ ಕೊಟ್ಟು ಕೈಬಿಟ್ಟರು. ಮುಂದಿನ ಚುನಾವಣೆ 2013ರಲ್ಲಿ. ಆಗ ಶಾಯಿ ಹಚ್ಚಿದ್ದೇನೋ ಹೌದು, ತೊಳೆದರೆ ಹೋಗುತ್ತದೆ ಎಂದು ದೇಶದ ತುಂಬ ದೂರು. ಆ ಶಾಯಿಯಲ್ಲಿ ಇದ್ದದ್ದು ತಿಂಡಿಗೆ ಹಾಕುವ ಬಣ್ಣವಷ್ಟೇ ಎಂಬುದು ಆಮೇಲೆ ಅಲ್ಲಿನ ಸಂಸತ್ತಿನವರೆಗೂ ಹೋಯಿತು. ಕೆಟ್ಟ ಶಾಯಿಯಿಂದ ಎಷ್ಟು ಜನ ಎರಡೆರಡು ಓಟು ಹಾಕಿದರು ಎಂಬುದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮನೆಗೆ ಹೋಗಿ ಕೈ ತೊಳೆದು ಬೆರಳು ನೋಡಿಕೊಂಡ ಪ್ರತಿಯೊಬ್ಬರಿಗೂ ಆ ಕ್ಷಣದಲ್ಲೇ ಇಡೀ ಚುನಾವಣೆಯ ಮೇಲೆ ಅನುಮಾನ ಹುಟ್ಟಿತು. ಎಣಿಕೆ ಎಷ್ಟೇ ಸರಿಯಾಗಿದ್ದರೂ ಆ ಅನುಮಾನವನ್ನು ಅಳಿಸಲು ಆಗಲಿಲ್ಲ.

ಎರಡನೆಯ ಪ್ರಶ್ನೆ ಗುಟ್ಟಿನದು. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ, ಮರೆಯಲ್ಲಿ ಗುರುತು ಹಾಕುವ ಪದ್ಧತಿ ಎರಡೂ 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಿಂದ ಹೊರಟು ಜಗತ್ತಿಗೆಲ್ಲ ಹಬ್ಬಿದವು. ಅದೇ ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ರಟ್ಟಿನ ಮರೆ, ರಟ್ಟಿನ ಪೆಟ್ಟಿಗೆ, ದಾರ ಕಟ್ಟಿದ ಪೆನ್ಸಿಲ್ಲು. ಬೆರಳಿಗೆ ಶಾಯಿಯಿಲ್ಲ. ಓಟು ಹಾಕುವುದು 1924ರಿಂದ ಅಲ್ಲಿ ಕಡ್ಡಾಯ. ಜಪಾನಿನಲ್ಲಿ ಮತದಾರ ಅಭ್ಯರ್ಥಿಯ ಹೆಸರನ್ನು ತನ್ನ ಕೈಯಾರೆ ಬರೆಯಬೇಕು; ಮಡಚಿ ಪೆಟ್ಟಿಗೆಗೆ ಹಾಕಿದ ಮೇಲೆ ತಾನಾಗಿ ಬಿಚ್ಚಿಕೊಳ್ಳುವ ವಿಶೇಷ ಕಾಗದವನ್ನು ಅಲ್ಲಿ ಬಳಸುತ್ತಾರೆ, ಎಣಿಸುವವರಿಗೆ ಮಡಿಕೆ ಬಿಡಿಸುವ ಹೊತ್ತು ಉಳಿಯಲಿ ಎಂದು. ನೇಪಾಳದಲ್ಲಿ ಸ್ವಸ್ತಿಕದ ಮುದ್ರೆ. ಇಂಡೊನೇಷ್ಯಾದಲ್ಲಿ ಮತಪತ್ರಕ್ಕೆ ಮೊಳೆಯಿಂದ ತೂತು ಮಾಡುತ್ತಾರೆ. ಫಿಲಿಪೀನ್ಸ್‌ನಲ್ಲಿ 2010ರಿಂದ ಮತಪತ್ರದ ಗುರುತನ್ನು ಯಂತ್ರ ಓದಿ ಎಣಿಸುತ್ತದೆ. ಯಾವುದೂ ಇನ್ನೊಂದಕ್ಕಿಂತ ನಾಗರಿಕ, ಯಾವುದೂ ಹಿಂದುಳಿದದ್ದು ಎಂದು ನಾನು ಹೇಳಲಾರೆ. ಬರೆಯಲು ಬಲ್ಲವರೇ ತುಂಬಿರುವ ದೇಶದಲ್ಲಿ ಪೆನ್ಸಿಲ್ ಸಾಕು, ಅಕ್ಷರ ಬಾರದವರೂ ಸಮನಾಗಿ ನಿಲ್ಲಬೇಕಾದ ಕಡೆ ಚಿಹ್ನೆ ಬೇಕು.

ನಮ್ಮಲ್ಲಿ 1951–52ರ ಮೊದಲ ಚುನಾವಣೆಯಲ್ಲಿ ಗುರುತು ಹಾಕುವ ಗೊಡವೆಯೇ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಚಿಹ್ನೆ; ನಿಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಅದಕ್ಕಾಗಿ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಮಾಡಿಸಬೇಕಾಯಿತು. ಸಾಗರ–ಹೊಸನಗರ ಕ್ಷೇತ್ರದಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹದ ಬಿಸಿ ಆರುವ ಮೊದಲೇ ಬಂದ ಆ ಚುನಾವಣೆಯಲ್ಲಿ, ‘ಒಂದು ಓಟು, ಒಂದು ನೋಟು’ ಎಂದು ಜನರಿಂದಲೇ ದುಡ್ಡು ಎತ್ತಿ ನಿಂತ ಶಾಂತವೇರಿ ಗೋಪಾಲಗೌಡರು ಗೆದ್ದರು. ಅವರ ಸೋಷಲಿಸ್ಟ್ ಪಕ್ಷದ ಚಿಹ್ನೆ ಮರ, ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಭೂಮಿಯ ಒಡೆತನ ಒಬ್ಬರದು, ಉಳುಮೆ ಇನ್ನೊಬ್ಬರದು ಎಂಬಂತಿದ್ದ ಊರುಗಳಲ್ಲಿ ಗೇಣಿದಾರ ಯಾವ ಪೆಟ್ಟಿಗೆಗೆ ಚೀಟಿ ಹಾಕಿದ ಎಂಬುದು ಹೊರಗೆ ಗೊತ್ತಾಗಿದ್ದರೆ ಏನಾಗುತ್ತಿತ್ತು? ಪೆಟ್ಟಿಗೆಗಳ ಮುಂದೆ ಕಟ್ಟಿದ ಒಂದು ಪರದೆಯ ಬೆಲೆ ಅಷ್ಟು. 1962ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಿಂದ ಗೆದ್ದಾಗ ಪದ್ಧತಿ ಬದಲಾಗಿತ್ತು: ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ, ಮತಪತ್ರದ ಮೇಲೆ ಎಲ್ಲ ಚಿಹ್ನೆಗಳು, ಮತದಾರನ ಕೈಯಲ್ಲಿ ಮುದ್ರೆ.

ಆ ಮುದ್ರೆ ಮಲೆನಾಡಿನಲ್ಲಿ ಇನ್ನೂ ಹಳತಾಗಿಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರದಲ್ಲೇ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗಳೆಲ್ಲ ಮತಪತ್ರದಲ್ಲೇ ಆಗಲಿ ಎಂದು ಶಿಫಾರಸು ಮಾಡಲು ತೀರ್ಮಾನಿಸಿತು. ಮತಪತ್ರವನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಬೇಕೆಂದು ಸಿಬ್ಬಂದಿ ಮಡಚಿ ತೋರಿಸಿಯೇ ಕೊಡುವುದಕ್ಕೆ ಕಾರಣವಿದೆ. ಉದ್ದಕ್ಕೆ ಮಡಚಿದರೆ ಹಸಿ ಮುದ್ರೆಯ ಕಲೆ ಅದೇ ಅಭ್ಯರ್ಥಿಯ ಸಾಲಿನ ಇನ್ನೊಂದು ಬದಿಗೆ ಬೀಳುತ್ತದೆ. ಮೊದಲೇ ಅಡ್ಡಕ್ಕೆ ಮಡಚಿದರೆ ಮೇಲಿನವರ ಕಲೆ ಕೆಳಗಿನವರ ಚಿಹ್ನೆಗೆ ತಾಗಿ, ಎಣಿಕೆಯ ಮೇಜಿನಲ್ಲಿ ಜಗಳ. ಹತ್ತಿಪ್ಪತ್ತು ಓಟಿನಲ್ಲಿ ಗೆಲುವು ಸೋಲು ತೀರ್ಮಾನವಾಗುವ ಪಂಚಾಯಿತಿ ಚುನಾವಣೆಯಲ್ಲಿ ಒಂದು ಮಡಿಕೆ ಸದಸ್ಯನನ್ನು ಬದಲಿಸಬಲ್ಲದು.

ಮೂರನೆಯ ಪ್ರಶ್ನೆಗೆ ಬಂದರೆ ಮತಯಂತ್ರವನ್ನು ಬಿಟ್ಟು ಮಾತಾಡಲಾಗದು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು, ಹೈದರಾಬಾದಿನ ಇಸಿಐಎಲ್ ಇನ್ನೊಂದು. 2008ರಲ್ಲಿ ಭೂತಾನ್ ತನ್ನ ಮೊದಲ ರಾಷ್ಟ್ರೀಯ ಅಸೆಂಬ್ಲಿಯನ್ನು ಆರಿಸಿದಾಗ ಬಳಸಿದ್ದು ಭಾರತದ ಯಂತ್ರಗಳನ್ನೇ. ಬ್ಯಾಟರಿಯಲ್ಲೇ ನಡೆಯುವ ಯಂತ್ರ ಗುಡ್ಡದ ದೇಶಕ್ಕೆ ಒಪ್ಪಿತು. ಮೇ ತಿಂಗಳ ಗುಡುಗಿಗೆ ಕರೆಂಟು ಹೋಗುವ ನಮ್ಮ ಶಾಲೆಗಳಿಗೂ ಅದೇ ಅನುಕೂಲ. ಯಂತ್ರದ ಮೇಲಿನ ವಾದ ವಿವಾದ ಟೀವಿಯಲ್ಲಿ ನಡೆಯುವಷ್ಟು ಜೋರಾಗಿ ನಡೆಯಲಿ, ಪ್ರಶ್ನೆ ಕೇಳುವುದು ಮತದಾರನ ಹಕ್ಕು. ಆದರೆ ಆ ವಾದದಲ್ಲಿ ಮತಗಟ್ಟೆಯ ಒಳಗೆ ಬೆಳಗ್ಗೆ ಮತ್ತು ಸಂಜೆ ನಡೆಯುವ ಎರಡು ಕೆಲಸಗಳು ಮರೆತೇ ಹೋಗಿವೆ.

ಬೆಳಗಿನದು ಅಣಕು ಮತದಾನ. ಮತದಾನ ಶುರುವಾಗುವುದಕ್ಕೆ ಒಂದೂವರೆ ಗಂಟೆ ಮೊದಲು, ಪಕ್ಷಗಳ ಏಜೆಂಟರ ಎದುರಿಗೆ ಕನಿಷ್ಠ 50 ಓಟು ಒತ್ತಬೇಕು, ಯಾರಿಗೆ ಎಷ್ಟು ಎಂದು ಬರೆದುಕೊಳ್ಳಬೇಕು, ಯಂತ್ರದ ಲೆಕ್ಕವನ್ನೂ ಓಟನ್ನು ಕಾಗದದಲ್ಲಿ ತೋರಿಸುವ ವಿವಿಪ್ಯಾಟ್‌ನ ಚೀಟಿಗಳನ್ನೂ ತಾಳೆ ನೋಡಬೇಕು. ಆಮೇಲೆ ಎಲ್ಲವನ್ನೂ ಅಳಿಸಿ ಸೊನ್ನೆಗೆ ತಂದು ತೋರಿಸಬೇಕು. ಆ ಚೀಟಿಗಳ ಬೆನ್ನಿಗೆ ಅಣಕು ಮತದಾನದ ಮುದ್ರೆ ಹೊಡೆದು ಕಪ್ಪು ಲಕೋಟೆಗೆ ಹಾಕಿ ಸೀಲು ಮಾಡಬೇಕು. ನಂತರ ಹಸಿರು ಪೇಪರ್ ಸೀಲಿನ ಮೇಲೆ ಏಜೆಂಟರ ಸಹಿ. ನಿದ್ದೆಗೆಟ್ಟ ಕಣ್ಣಿನಲ್ಲಿ ಅಳಿಸುವ ಗುಂಡಿ ಒತ್ತಲು ಮರೆತರೆ ಆ ಐವತ್ತು ಓಟು ನಿಜವಾದ ಓಟಿನ ಜೊತೆ ಸೇರಿಬಿಡುತ್ತದೆ. ಎಣಿಕೆಯ ದಿನ ಅದೇ ದೊಡ್ಡ ಗಲಾಟೆ.

ಸಂಜೆಯದು ನಮೂನೆ 17ಸಿ. ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಓಟು ಬಿತ್ತು, ಯಂತ್ರದ ಕ್ರಮಸಂಖ್ಯೆ ಯಾವುದು, ಸೀಲಿನ ಸಂಖ್ಯೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಹಾಜರಿರುವ ಪ್ರತಿ ಏಜೆಂಟರಿಗೂ ಅದರ ಪ್ರತಿ ಕೊಡಬೇಕೆಂದು ನಿಯಮವಿದೆ. ಚೀಲದಲ್ಲಿ ಕಾರ್ಬನ್ ಹಾಳೆ ಇರುವುದು ಇಂಥ ಕೆಲಸಕ್ಕೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಈ ಹಾಳೆಯ ಜೊತೆ ಹೊಂದಿಸಿ ನೋಡಬಹುದು. ಯಂತ್ರ ಬದಲಾಯಿತು, ಸಂಖ್ಯೆ ಹೆಚ್ಚಾಯಿತು ಎಂದು ಕೂಗುವ ಪಕ್ಷಗಳಿಗೆ ನನ್ನ ಕಳಕಳಿಯ ಮಾತು ಒಂದೇ: ನಿಮ್ಮ ಏಜೆಂಟರನ್ನು ಕೊನೆಯ ಗಳಿಗೆಯವರೆಗೆ ಕೂರಿಸಿ, ಆ ಹಾಳೆ ಇಸಿದುಕೊಳ್ಳಿ. ಮಧ್ಯಾಹ್ನ ಊಟ ಮುಗಿಸಿ ಎದ್ದು ಹೋಗುವ ಏಜೆಂಟರಿಂದ ಅತಿ ಹೆಚ್ಚು ನಷ್ಟವಾಗುವುದು ಸೋತ ಅಭ್ಯರ್ಥಿಗೇ. ಸುಪ್ರೀಂ ಕೋರ್ಟ್ 2019ರಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸಬೇಕೆಂದಿತು. 2024ರ ಏಪ್ರಿಲ್‌ನ ತೀರ್ಪಿನಲ್ಲಿ, ಎರಡು ಮತ್ತು ಮೂರನೆಯ ಸ್ಥಾನ ಪಡೆದವರು ಕೇಳಿದರೆ ಶೇ 5ರಷ್ಟು ಯಂತ್ರಗಳ ಚಿಪ್‌ಗಳನ್ನು ಪರಿಶೀಲಿಸಲು ಅವಕಾಶ ಕೊಟ್ಟಿತು. ಇವೆಲ್ಲ ಬೇಕು. ಆದರೂ ಮತಗಟ್ಟೆಯಲ್ಲಿ ಸಹಿಯಾದ ಒಂದು ಹಾಳೆಗೆ ಇರುವ ತೂಕ ಬೇರೆ.

ಇನ್ನು ಚೀಲ ಹೊರುವವರ ವಿಷಯ. 2019ರ ಏಪ್ರಿಲ್ 17ರಂದು ಇಂಡೊನೇಷ್ಯಾ ಅಧ್ಯಕ್ಷರಿಂದ ಹಿಡಿದು ಸ್ಥಳೀಯ ಸಭೆಗಳವರೆಗೆ ಐದು ಚುನಾವಣೆಗಳನ್ನು ಒಂದೇ ದಿನ ನಡೆಸಿತು. ಎಂಟು ಲಕ್ಷಕ್ಕೂ ಹೆಚ್ಚು ಮತಗಟ್ಟೆ, ಬಹುತೇಕ ಮತದಾರರ ಕೈಗೆ ಐದೈದು ಮತಪತ್ರ, ಎಣಿಕೆಯೂ ಅಲ್ಲೇ, ಕೈಯಲ್ಲೇ. ರಾತ್ರಿ ಕಳೆದು ಬೆಳಗಾದರೂ ಎಣಿಕೆ ಮುಗಿಯಲಿಲ್ಲ. ಆ ಚುನಾವಣೆಯ ಕೆಲಸದಲ್ಲಿ ದಣಿದು, ಕಾಯಿಲೆ ಉಲ್ಬಣಿಸಿ ಸತ್ತ ಸಿಬ್ಬಂದಿ ಸುಮಾರು 900. ಮುಂದಿನ ಚುನಾವಣೆಗೆ ಅಲ್ಲಿನ ಆಯೋಗ ಸಿಬ್ಬಂದಿಯ ವಯಸ್ಸಿಗೆ 55ರ ಮಿತಿ ಹಾಕಿತು. ಚುನಾವಣೆಗಳನ್ನೆಲ್ಲ ಒಟ್ಟಿಗೆ ನಡೆಸಿದರೆ ಖರ್ಚು ಉಳಿಯುತ್ತದೆ ಎಂದು ನಮ್ಮಲ್ಲಿ ಮಾತಾಡುವವರು ಇಂಡೊನೇಷ್ಯಾದ ಆ ಒಂದು ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಶಿವಮೊಗ್ಗ ಜಿಲ್ಲೆಯ ಕಷ್ಟಗಳು ಬೇರೆ ತರದವು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ ತಾಲೂಕಿನ ತುಮರಿ ಕಡೆಯ ಊರುಗಳನ್ನು ತಾಲೂಕು ಕೇಂದ್ರದಿಂದ ಕತ್ತರಿಸಿ ಹಾಕಿದ ಮೇಲೆ ಆ ದಾರಿಯಲ್ಲಿ ಮತಯಂತ್ರವೂ ಸಿಬ್ಬಂದಿಯೂ ಲಾಂಚಿನಲ್ಲಿ ಹೊಳೆ ದಾಟುತ್ತಿದ್ದ ಕಾಲ ದಶಕಗಳಷ್ಟು ನಡೆಯಿತು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಪಾಡು ತಪ್ಪಿದೆ. ಹೊಸನಗರಕ್ಕೆ ಕ್ಷೇತ್ರ ಮರುವಿಂಗಡಣೆಯ ನಂತರ, 2008ರಿಂದ, ತನ್ನದೇ ಕ್ಷೇತ್ರವಿಲ್ಲ. ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಹೀಗಾಗಿ ಒಂದೇ ತಾಲೂಕಿನ ಮತಯಂತ್ರಗಳು ಎರಡು ದಿಕ್ಕಿಗೆ ಹೋಗುತ್ತವೆ. 2023ರಲ್ಲಿ 80 ದಾಟಿದವರಿಗೆ, 2024ರಲ್ಲಿ 85 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಬಂದಾಗ, ಒಂಟಿ ಮನೆಗಳ ಮಲೆನಾಡಿನಲ್ಲಿ ಅದರ ಅರ್ಥ ಸಿಬ್ಬಂದಿ ಮತಪತ್ರ, ಲಕೋಟೆ, ಮರೆಯ ರಟ್ಟು ಹಿಡಿದು ತೋಟದ ಸಂಕ ದಾಟಿ ನಡೆಯುವುದು. ಒಬ್ಬ ಅಜ್ಜಿಯ ಒಂದು ಓಟಿಗೆ ಸರ್ಕಾರ ಇಷ್ಟು ದೂರ ನಡೆದು ಬರುವುದು ನಮ್ಮ ಪ್ರಜಾಪ್ರಭುತ್ವ ಮಾಡಿರುವ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಆ ನಡೆಯುವವರ ರಾತ್ರಿಯನ್ನೂ ಯಾರಾದರೂ ಯೋಚಿಸಬೇಕು. ಮತದಾನದ ಹಿಂದಿನ ರಾತ್ರಿ ಶಾಲೆಯ ಕೋಣೆಯಲ್ಲಿ ಬೆಂಚು ಜೋಡಿಸಿ ಮಲಗುವುದು. ಬೆಳಗಿನ ನಾಲ್ಕೂವರೆಗೆ ಎದ್ದು ಐದೂವರೆಗೆ ಅಣಕು ಮತದಾನಕ್ಕೆ ಸಜ್ಜಾಗುವುದು. ಸಂಜೆ ಸೀಲು ಹಾಕಿ, ಬಸ್ಸು ಕಾದು, ಡಿಮಸ್ಟರಿಂಗ್ ಕೇಂದ್ರದಲ್ಲಿ ಸರತಿ ನಿಂತು, ಒಂದೊಂದು ಲಕೋಟೆ ಒಪ್ಪಿಸಿ ರಸೀದಿ ಪಡೆಯುವಷ್ಟರಲ್ಲಿ ನಡುರಾತ್ರಿ. ಕೈಪಿಡಿಯಲ್ಲಿ ಬಾಟಲಿಗೆ ಮರಳು ಹೇಳಿದಷ್ಟು ನಿಖರವಾಗಿ ಇವರ ಅನುಕೂಲಗಳನ್ನೂ ಹೇಳಬೇಕು. ಹೆಣ್ಣುಮಕ್ಕಳೇ ಹೆಚ್ಚಿರುವ ತಂಡಗಳಿಗೆ ಚಿಲಕ ಬೀಳುವ ಕೋಣೆ, ನೀರು ಬರುವ ಶೌಚಾಲಯ, ಚಾರ್ಜಾದ ಒಂದು ದೀಪ, ನೆಟ್‌ವರ್ಕ್ ಸಿಗದ ಊರಿಗೆ ವೈರ್‌ಲೆಸ್ ಸೆಟ್ಟು, ಎಲ್ಲ ಒಪ್ಪಿಸಿದ ಮೇಲೆ ಅವರವರ ಊರಿನ ಕಡೆಗೆ ರಾತ್ರಿ ಬಸ್ಸು: ಇಷ್ಟನ್ನು ಸಾಮಗ್ರಿಗಳ ಪಟ್ಟಿಗೇ ಸೇರಿಸಿ, ಮಸ್ಟರಿಂಗ್ ದಿನವೇ ಸೆಕ್ಟರ್ ಅಧಿಕಾರಿಯಿಂದ ಸಹಿ ಪಡೆಯಬಹುದು. ಮತಗಟ್ಟೆಯೊಂದಕ್ಕೆ ಮತದಾರರ ಮಿತಿಯನ್ನು ಆಯೋಗ 2025ರಲ್ಲಿ 1,500ರಿಂದ 1,200ಕ್ಕೆ ಇಳಿಸಲು ಹೊರಟಿತು. ಅಂದರೆ ಮತಗಟ್ಟೆಗಳು ಹೆಚ್ಚುತ್ತವೆ, ಬೇಕಾಗುವ ಸಿಬ್ಬಂದಿಯೂ ಹೆಚ್ಚುತ್ತಾರೆ. ಮಂಡಗದ್ದೆ ಹೋಬಳಿಯ ಶಾಲೆಗಳ ಶೌಚಾಲಯ, ಕಿಟಕಿ, ಚಿಲಕಗಳನ್ನು ನೋಡಿ ಬರಲು ಮುಂದಿನ ಚುನಾವಣೆಯ ಅಧಿಸೂಚನೆ ಹೊರಡುವ ತನಕ ಕಾಯಬೇಕಿಲ್ಲ. ಮಳೆಗಾಲ ಶುರುವಾಗುವ ಮೊದಲು ತಾಲೂಕು ಆಡಳಿತ ಒಂದು ಸುತ್ತು ಹೋಗಿ ಬಂದರೆ ಅಲ್ಲಿ ಓದುವ ಮಕ್ಕಳಿಗೂ ಉಪಕಾರವಾದೀತು.